ಎಂಜಿನಿನ ಆಯುಸ್ಸು ಮತ್ತು ಕೀಲೆಣ್ಣೆ

ಬೆಲ್ಲದ ಪಾಕವು ಒಲೆಯ ಮೇಲಿರುವಾಗ ಸಲೀಸಾಗಿ ಹರಿಯುತ್ತದೆ, ಆರಿದೊಡನೆ ಮಂದವಾಗುತ್ತದೆ. ಎಂಜಿನಿಗೆ ಹಾಕುವ ಕೀಲೆಣ್ಣೆಯ ಸ್ವಭಾವವೂ ಇದೇ. ಹರಿಯುವಾಗ ದ್ರವವು ಒಡ್ಡುವ ಈ ತಡೆಗೆ ಸ್ನಿಗ್ಧತೆಯೆಂದು ಹೆಸರು. 40 ಡಿಗ್ರಿ ಸೆಂಟಿಗ್ರೇಡಿನಿಂದ 100 ಡಿಗ್ರಿಗೆ ಕಾದಾಗ ಎಂಜಿನ್ ಎಣ್ಣೆಯ ಸ್ನಿಗ್ಧತೆಯು ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯುವುದು.

ತಿರುಗುವ ಲೋಹಗಳ ನಡುವೆ ಎಣ್ಣೆಯ ತೆಳುಪೊರೆ ಇರುವವರೆಗೆ ಸವೆತವು ಅತ್ಯಲ್ಪ. ನಮ್ಮ ಅಗಳಿಯ ಮಾಗಿಯ ಮುಂಜಾನೆ, ತಣ್ಣಗಿರುವ ಟ್ರ್ಯಾಕ್ಟರಿನಲ್ಲಿ ಮಂದವಾದ ಎಣ್ಣೆಯು ಮೇಲಿನ ಭಾಗಗಳನ್ನು ತಲುಪಲು ತಡವಾಗುತ್ತದೆ. ಆ ಕ್ಷಣಗಳಲ್ಲಿ ಲೋಹವು ಲೋಹವನ್ನು ಉಜ್ಜುತ್ತದೆ. ಬೇಸಗೆಯ ಉಳುಮೆಯಲ್ಲಿ ಅತಿಯಾಗಿ ಕಾದರೆ ಪೊರೆಯು ತೀರ ತೆಳುವಾಗಿ ಹರಿಯುತ್ತದೆ. ಎಣ್ಣೆಯೂ ಬೇಗ ಕೆಡುತ್ತದೆ.

ಆದುದರಿಂದ ಗಟ್ಟಿ ಎಣ್ಣೆಯೇ ಮೇಲೆಂಬ ನಂಬಿಕೆ ಸರಿಯಲ್ಲ. ಡಬ್ಬಿಯ ಮೇಲಿನ 15ಡಬ್ಲ್ಯು-40 ಎಂಬ ಗುರುತಿನಲ್ಲಿ ಮೊದಲ ಅಂಕಿ ಚಳಿಯಲ್ಲಿನ ಹರಿವನ್ನೂ, ಎರಡನೆಯದು ಕಾದಾಗಿನ ಸ್ನಿಗ್ಧತೆಯನ್ನೂ ಸೂಚಿಸುತ್ತದೆ. ತಯಾರಕರು ಹೇಳಿದ ದರ್ಜೆಯನ್ನೇ ಹಾಕಬೇಕು. ಬೆಳಿಗ್ಗೆ ಒಂದೆರಡು ನಿಮಿಷ ನಿಧಾನವಾಗಿ ಓಡಿಸಿ ಬಳಿಕ ಭಾರ ಹೊರಿಸಬೇಕು. ರೇಡಿಯೇಟರಿನ ನೀರನ್ನು ಎಂಜಿನು ತಣ್ಣಗಿರುವಾಗಲೇ ನೋಡಿಕೊಳ್ಳಬೇಕು.

ವಿದ್ಯಾರ್ಥಿಗಳೇ, ಸಾಲ ಮಾಡಿ ಕೊಂಡ ಎಂಜಿನು ಒಂದು ಸಂಸಾರದ ಜೀವನಾಧಾರ. ಮುಂಜಾನೆಯ ಆ ತಾಳ್ಮೆಯನ್ನು ಮನೆಯಲ್ಲಿ ಹಿರಿಯರಿಗೂ ನೆನಪಿಸಿರಿ.