ಬಂಡೀಪುರದ ಕಾಡು ಉಳಿದದ್ದು ಹೇಗೆ?

ರಜೆಗೆಂದು ಮೈಸೂರಿಗೆ ಹೋಗಿ, ಅಲ್ಲಿಂದ ಊಟಿಗೆ ಹೊರಟ ನಿಮ್ಮಲ್ಲಿ ಅನೇಕರು ಬಂಡೀಪುರವನ್ನು ಕಾರಿನ ಕಿಟಕಿಯಿಂದಲೇ ನೋಡಿರುತ್ತೀರಿ. "ಹುಲಿ ಕಾಣಲೇ ಇಲ್ಲ" ಎಂದು ಮುಖ ಸಪ್ಪೆ ಮಾಡಿಕೊಂಡು ಬಂದವರೂ ಇದ್ದೀರಿ. ಕಾಣದಿದ್ದರೇನಂತೆ, ಹುಲಿ ಅಲ್ಲಿದೆ. ಅದು ಹೇಗೆ ಉಳಿಯಿತೆಂಬುದನ್ನು ಕನ್ನಡದ ಮಕ್ಕಳಾದ ನೀವು ತಿಳಿದಿರಬೇಕು.

ಈ ಕಾಡು ಮೊದಲು ಮೈಸೂರು ಅರಸರ ಬೇಟೆಯ ತಾಣವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1931ರಲ್ಲಿ, ಇಲ್ಲಿನ 90 ಚದರ ಕಿ.ಮೀ. ಪ್ರದೇಶವನ್ನು ಪ್ರಾಣಿಗಳ ರಕ್ಷಣೆಗೆ ಮೀಸಲಿಟ್ಟರು. 1941ರಲ್ಲಿ ಅದನ್ನು ಸುಮಾರು 800 ಚದರ ಕಿ.ಮೀ.ಗೆ ಬೆಳೆಸಿ ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಕರೆದರು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರು ಅದು. 1973ರಲ್ಲಿ ಕೇಂದ್ರ ಸರ್ಕಾರ ಹುಲಿ ಯೋಜನೆಯನ್ನು ಆರಂಭಿಸಿದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಆಗ ಇಲ್ಲಿದ್ದ ಹುಲಿಗಳು ಬರೀ ಹನ್ನೆರಡು ಎನ್ನುತ್ತಾರೆ. 2022ರ ಗಣತಿಯಲ್ಲಿ ಸಿಕ್ಕ ಲೆಕ್ಕ 150! ಅಂದು ಹೆಜ್ಜೆ ಗುರುತು ನೋಡಿ ಎಣಿಸುತ್ತಿದ್ದರು. ಇಂದು ಕಾಡಿನಲ್ಲಿ ಕ್ಯಾಮೆರಾ ಇಟ್ಟು ಎಣಿಸುತ್ತಾರೆ. ನಮ್ಮ ಬೆರಳಚ್ಚಿನಂತೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ.

ಹುಲಿಯೊಂದೇ ಅಲ್ಲ. ನೀವು ಬೈಸನ್ ಎನ್ನುವುದು ನಮ್ಮ ಕಾಟಿ. ವೈಲ್ಡ್ ಡಾಗ್ ಎಂದರೆ ಸೀಳುನಾಯಿ, ಹಿಂಡು ಕಟ್ಟಿಕೊಂಡು ಬೇಟೆಯಾಡುವ ಜಾಣ. ಸಾಂಬಾರ್ ಎಂದರೆ ಊಟಕ್ಕೆ ಬಡಿಸುವುದಲ್ಲ, ಕಡವೆ. ತೇಗ, ಮತ್ತಿ, ಹೊನ್ನೆ, ಬಿದಿರು ಬೆಳೆಯುವ ಈ ಕಾಡು ಬೇಸಿಗೆಯಲ್ಲಿ ಎಲೆಯುದುರಿಸಿ ಒಣಗುತ್ತದೆ. ಆಗ ಆನೆಗಳ ಹಿಂಡು ನೀರು, ಮೇವು ಹುಡುಕಿ ನಾಗರಹೊಳೆ, ಮುದುಮಲೈ, ವಯನಾಡುಗಳ ನಡುವೆ ಓಡಾಡುತ್ತದೆ. ನಾವು ಎಳೆದ ರಾಜ್ಯದ ಗಡಿ ಅವಕ್ಕೆಲ್ಲಿ ಗೊತ್ತು?

ಇದೆಲ್ಲ ಸುಮ್ಮನೆ ಉಳಿಯಲಿಲ್ಲ. ತಲೆಮಾರುಗಳಿಂದ ಈ ಕಾಡಿನಲ್ಲೇ ಬಾಳಿದ ಜೇನುಕುರುಬರು, ಸೋಲಿಗರು ತಮ್ಮ ಹಾಡಿಗಳನ್ನು ಬಿಟ್ಟು ಹೊರಬರಬೇಕಾಯಿತು. ಅವರ ಅರಣ್ಯ ಹಕ್ಕಿಗೆ ಕಾನೂನು ಬಂದದ್ದು 2006ರಲ್ಲಿ. ಕಾಡಂಚಿನ ರೈತನಿಗಂತೂ ಆನೆ ಒಂದು ರಾತ್ರಿ ನುಗ್ಗಿದರೆ ವರ್ಷದ ಬೆಳೆ ಹೋಯಿತು; ಹುಲಿ ಹಸುವನ್ನು ಹೊತ್ತೊಯ್ದರೆ ಮನೆಯ ಹಾಲೂ ಹೋಯಿತು. ಪರಿಹಾರ ಸಿಗುತ್ತದೆ, ನಿಜ. ಆದರೆ ಭಯಕ್ಕೆ ಪರಿಹಾರ ಕೊಡುವವರಾರು? 2019ರ ಫೆಬ್ರುವರಿಯಲ್ಲಿ ಸಾವಿರಾರು ಎಕರೆ ಹೊತ್ತಿ ಉರಿದಾಗ, ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿಗೆ ಬಡಿದವರು ಅರಣ್ಯ ಕಾವಲುಗಾರರು, ಊರಿನವರು ಮತ್ತು ಸ್ವಯಂಸೇವಕರು.

ಅವರು ಕೊಟ್ಟಿದ್ದರ ಮುಂದೆ ನಮ್ಮಿಂದ ಕೇಳುವುದು ಎಷ್ಟು? ರಾತ್ರಿ ವಾಹನಗಳಿಗೆ ಸಿಕ್ಕು ಪ್ರಾಣಿಗಳು ಸಾಯುತ್ತಿದ್ದುದರಿಂದ, 2009ರಲ್ಲಿ ಈ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಲ್ಲಿಸಿದರು. ಆಂಬುಲೆನ್ಸಿಗೆ, ಕೆಲವು ಸರ್ಕಾರಿ ಬಸ್ಸುಗಳಿಗೆ ಮಾತ್ರ ವಿನಾಯಿತಿ. ಅತ್ತ ವಯನಾಡಿನ ಜನರಿಗೆ ಇದರಿಂದ ತೊಂದರೆಯಿದೆ, ರಸ್ತೆ ತೆರೆಯಬೇಕೆಂಬ ಅವರ ಒತ್ತಾಯವೂ ಇದೆ. ಆದರೆ ಸುತ್ತಾಡಲು ಹೋಗುವ ನಮಗೆ ಒಂದು ರಾತ್ರಿ ಗುಂಡ್ಲುಪೇಟೆಯಲ್ಲಿ ತಂಗುವುದು ಅಷ್ಟು ಕಷ್ಟವೇ?

ಮುಂದಿನ ರಜೆಗೆ ಹೋಗುವಾಗ ಹಗಲಿನಲ್ಲೇ ಹೋಗಿ. ನಡುವೆ ಕಾರು ನಿಲ್ಲಿಸಿ ಜಿಂಕೆಗೆ ಬಿಸ್ಕತ್ತು ಹಾಕಬೇಡಿ, ಆನೆಯೆದುರು ಸೆಲ್ಫಿ ಬೇಡವೇ ಬೇಡ. ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ಗಾಡಿ ಬಿಡುವುದಿಲ್ಲ. ತಪ್ಪಲಿನಲ್ಲಿ ಸರ್ಕಾರಿ ಬಸ್ಸು ಹತ್ತಿ, 1,454 ಮೀಟರ್ ಎತ್ತರದಿಂದ ಕಣ್ಣು ತುಂಬ ಕಾಡನ್ನು ನೋಡಿ. ಜೊತೆಯಲ್ಲಿ ಬರುವ ಗೈಡನ್ನೋ ಡ್ರೈವರನ್ನೋ ಕನ್ನಡದಲ್ಲೇ ಮಾತನಾಡಿಸಿ. ಹುಲಿ ಕಾಣದಿದ್ದರೂ ಹುಲಿಯ ಹತ್ತು ಕಥೆಗಳನ್ನು ಅವರು ನಿಮಗೆ ಹೇಳಿಯಾರು.