ರಗ್ಬಿ ಚೆಂಡಿಗೆ ಉಸಿರು ಕೊಟ್ಟವರು

ಇಂಗ್ಲೆಂಡಿನ ರಗ್ಬಿ ಪಟ್ಟಣದಲ್ಲಿ ರಿಚರ್ಡ್ ಲಿಂಡನ್ ಎಂಬ ಬೂಟು ಹೊಲಿಯುವವನಿದ್ದ. ಅಂಗಡಿಯ ಎದುರಿಗೇ ರಗ್ಬಿ ಶಾಲೆ. ಅಲ್ಲಿನ ಹುಡುಗರು ಬೂಟಿಗೆಂದು ಬಂದವರು ಚೆಂಡನ್ನೂ ಕೇಳುತ್ತಿದ್ದರು.

ಆ ಶಾಲೆಯ ಆಟವೇ ಬೇರೆ. ಚೆಂಡನ್ನು ಒದೆಯುವುದಷ್ಟೇ ಅಲ್ಲ, ಕಂಕುಳಲ್ಲಿ ಅವುಚಿಕೊಂಡು ಓಡುತ್ತಿದ್ದರು. 1823ರಲ್ಲಿ ವಿಲಿಯಂ ವೆಬ್ ಎಲ್ಲಿಸ್ ಎಂಬ ಹುಡುಗ ಆಟದ ಭರದಲ್ಲಿ ಮೊದಲು ಹಾಗೆ ಓಡಿಬಿಟ್ಟನಂತೆ. ಆದರೆ ಆ ಕತೆ ಹೊರಬಿದ್ದದ್ದು ಅವನು ಸತ್ತ ಮೇಲೆ. ಕಣ್ಣಾರೆ ಕಂಡೆನೆನ್ನುವವರು ಯಾರೂ ಸಿಗಲಿಲ್ಲ. 1845ರಲ್ಲಿ ಮೂವರು ವಿದ್ಯಾರ್ಥಿಗಳು ಕೂತು ನಿಯಮಗಳನ್ನು ಬರೆದಿಟ್ಟದ್ದು ಮಾತ್ರ ಖಚಿತ.

ಚೆಂಡಿನ ಒಳಗಿರುತ್ತಿದ್ದದ್ದು ಹಂದಿಯ ಮೂತ್ರಕೋಶ. ಒಣಗದ, ನಾರುವ ಆ ಚೀಲದ ಬಾಯಿಗೆ ಹೊಗೆಸೊಪ್ಪು ಸೇದುವ ಮಣ್ಣಿನ ಚಿಲುಮೆಯ ಕೊಳವೆ ತೂರಿಸಿ, ಕೆನ್ನೆ ಉಬ್ಬಿಸಿ ಊದಬೇಕು. ಬಾಯಿ ಕಟ್ಟಿ ಚರ್ಮದೊಳಗೆ ಹೊಲಿಯಬೇಕು. ಚೀಲ ಹೇಗಿತ್ತೋ ಚೆಂಡೂ ಹಾಗೆ, ತುಸು ಉದ್ದುದ್ದ. ಊದುವ ಕೆಲಸ ಲಿಂಡನ್ನನ ಹೆಂಡತಿ ರೆಬೆಕ್ಕಾಳದು. ರೋಗ ಹಿಡಿದ ಹಂದಿಗಳ ಚೀಲವೂ ಅವುಗಳಲ್ಲಿ ಇರುತ್ತಿತ್ತು. ಕೊನೆಗೆ ಅವಳ ಶ್ವಾಸಕೋಶ ಕೆಟ್ಟಿತು, ಪ್ರಾಣವೇ ಹೋಯಿತು. ಚೆಂಡು ಊದಿ ಊದಿಯೇ ಸತ್ತಳೆಂದು ಜನ ಹೇಳಿದರು. ಆಟದ ಚರಿತ್ರೆಯಲ್ಲಿ ಅವಳ ಹೆಸರು ಇನ್ನೂ ದೊಡ್ಡದಾಗಿ ಕಾಣಬೇಕಿತ್ತು.

ಲಿಂಡನ್ ಹಂದಿಯ ಚೀಲವನ್ನೇ ಬಿಡಲು ಹೊರಟ. 1862ರ ಸುಮಾರಿಗೆ ರಬ್ಬರ್ ಚೀಲ ಕೈಗೆ ಹತ್ತಿತು. ಅದೋ ಬಲು ಬಿಗಿ! ಎಷ್ಟು ಊದಿದರೂ ಉಬ್ಬಲೊಲ್ಲದು. ದಾರಿ ತೋರಿಸಿದ್ದು ವೈದ್ಯರು ಕಿವಿ ತೊಳೆಯಲು ಬಳಸುತ್ತಿದ್ದ ಪಿಚಕಾರಿ. ಅದನ್ನೇ ಹಿತ್ತಾಳೆಯಲ್ಲಿ ದೊಡ್ಡದಾಗಿ ಮಾಡಿಸಿ ಗಾಳಿ ತುಂಬಿದ, ಚೀಲ ಉಬ್ಬಿತು.

 

ಲಿಂಡನ್ ಪೇಟೆಂಟ್ ಮಾಡಿಸಲಿಲ್ಲ. ಆಟವಂತೂ ಹಡಗು ಹತ್ತಿತು: 1872ರ ಕ್ರಿಸ್‌ಮಸ್ ದಿನ ಕಲ್ಕತ್ತಾದಲ್ಲಿ ಪಂದ್ಯ ನಡೆಯಿತು. ಅಲ್ಲಿನ ಕ್ಲಬ್ಬು ಸೊರಗಿ ಮುಚ್ಚಿದಾಗ ಉಳಿದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಕಪ್ ಮಾಡಿಸಿದರು. ಇಂಗ್ಲೆಂಡ್, ಸ್ಕಾಟ್ಲೆಂಡ್ 1879ರಿಂದ ಕಾದಾಡುತ್ತ ಬಂದದ್ದು ಆ ಕಲ್ಕತ್ತಾ ಕಪ್ಪಿಗೇ. ಚೆಂಡಿನ ಉದ್ದನೆಯ ಆಕಾರ, ಅಳತೆ ನಿಯಮದಲ್ಲಿ ಸೇರಿದ್ದು 1892ರಲ್ಲಿ.

ಓಡುವವನ ತೋಳಿಗೆ ಒಪ್ಪುವ ಆಕಾರವದು. ತಂಡಕ್ಕೆ 15 ಮಂದಿ, 80 ನಿಮಿಷದ ಆಟ. ಚೆಂಡನ್ನು ಮುಂದಕ್ಕೆ ಒದೆಯಬಹುದು, ಹಿಡಿದು ಓಡಬಹುದು. ಕೈಯಿಂದ ಎಸೆಯುವುದಾದರೆ ಪಕ್ಕಕ್ಕೆ ಇಲ್ಲವೇ ಹಿಂದಕ್ಕೆ ಮಾತ್ರ. ಎದುರಾಳಿಯ ಗೋಲು ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರೆ 5 ಅಂಕ, ಬಳಿಕ ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ಒದ್ದರೆ ಇನ್ನೂ 2. ಕಬಡ್ಡಿಯಲ್ಲಿ ಹಿಡಿತಕ್ಕೆ ಸಿಕ್ಕವನು ಗೆರೆ ಮುಟ್ಟಲು ಕೊನೆಯವರೆಗೂ ಕೊಸರಾಡುತ್ತಾನೆ. ಇಲ್ಲಿ ಹಿಡಿದು ಕೆಡವಲ್ಪಟ್ಟವನು ತಕ್ಷಣ ಚೆಂಡು ಬಿಟ್ಟುಕೊಡಬೇಕು. ಅದರ ಮೇಲೆ ಎರಡೂ ತಂಡದವರು ಭುಜಕ್ಕೆ ಭುಜ ಕೊಟ್ಟು ನೂಕಾಡುತ್ತಾರೆ.