ಒಬ್ಬರೇ ಬರೆದ ಪ್ರಪಂಚ

ಉಡುಪಿಯಿಂದ ಕುಂದಾಪುರದ ಕಡೆ ಹೆದ್ದಾರಿ 66ರಲ್ಲಿ ಹೊರಟರೆ ಬ್ರಹ್ಮಾವರ, ಸಾಸ್ತಾನ, ಸಾಲಿಗ್ರಾಮ, ಕೋಟ, ತೆಕ್ಕಟ್ಟೆ, ಕೋಟೇಶ್ವರ ಒಂದರ ಹಿಂದೊಂದು ಸಿಗುತ್ತವೆ. ಕುಂದಾಪುರ ದಾಟಿ ಮರವಂತೆಯ ಕಡಲು ನೋಡಿಕೊಂಡು ಇನ್ನೂ ಬಡಗಿಗೆ ಹೋದರೆ ಬೈಂದೂರು. ಮೊದಲು ಕುಂದಾಪುರ, ಉಡುಪಿ ತಾಲ್ಲೂಕುಗಳಲ್ಲಿ ಹಂಚಿಹೋಗಿದ್ದ ಈ ಸೀಮೆಯಲ್ಲಿ ಬ್ರಹ್ಮಾವರ, ಬೈಂದೂರುಗಳು ಈಗ ತಾವೇ ತಾಲ್ಲೂಕುಗಳಾಗಿವೆ. ಹೊರಗಿನವರಿಗೆ ಈ ಕಡೆಯ ಹೆಸರು ಕೇಳಿದರೆ ಬಡಗುತಿಟ್ಟಿನ ಯಕ್ಷಗಾನ ನೆನಪಾಗುತ್ತದೆ, ಘೀ ರೋಸ್ಟ್ ನೆನಪಾಗುತ್ತದೆ, 2022ರಿಂದ ಈಚೆಗೆ ಕೆರಾಡಿಯ ರಿಷಬ್ ಶೆಟ್ಟರ ‘ಕಾಂತಾರ’ ನೆನಪಾಗುತ್ತದೆ. ಇಲ್ಲಿನವರು ಬರೆದ ತಿಳಿವಳಿಕೆಯ ಪುಸ್ತಕಗಳನ್ನು ಮಾತ್ರ ಯಾರೂ ಈ ಪಟ್ಟಿಗೆ ಸೇರಿಸುವುದಿಲ್ಲ. ಕತೆಯೂ ಅಲ್ಲದ, ಕವಿತೆಯೂ ಅಲ್ಲದ, ಒಂದು ವಿಷಯವನ್ನು ಹಿಡಿದು ಅದು ಹೇಗಿದೆ, ಯಾಕೆ ಹಾಗಿದೆ ಎಂದು ಓದುಗನನ್ನು ಕೂರಿಸಿ ಹೇಳುವ ಪುಸ್ತಕಗಳವು. ಅಂಥ ಬರವಣಿಗೆಯ ದೊಡ್ಡ ಮನೆತನವೊಂದು ಇಲ್ಲಿದೆ, ಅದರ ಯಜಮಾನರು ಕೋಟದವರು.

ಶಿವರಾಮ ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ಅವರ 47 ಕಾದಂಬರಿಗಳ ಬಗ್ಗೆ ಬೇಕಾದಷ್ಟು ಮಾತಾಗಿದೆ. ಜ್ಞಾನಪೀಠ ತಂದುಕೊಟ್ಟ ಮೂಕಜ್ಜಿಯನ್ನು ಓದದವರಿಗೂ ಅವಳ ಹೆಸರು ಗೊತ್ತು. ಈ ಲೇಖನಕ್ಕೆ ನನ್ನನ್ನು ಎಳೆದು ತಂದದ್ದು ಬೇರೆಯೇ ಒಂದು ಕೃತಿ. 1936ರಲ್ಲಿ ಬಂದ ‘ಬಾಲಪ್ರಪಂಚ’, ಮಕ್ಕಳಿಗಾಗಿ ಮೂರು ಸಂಪುಟಗಳ ವಿಶ್ವಕೋಶ. ಬರೆದವರು ಕಾರಂತರೊಬ್ಬರೇ. ಆಗ ಅವರಿಗೆ 34 ವರ್ಷ.

ಆ ವರ್ಷ ಹೇಗಿತ್ತು ಎಂದು ಒಮ್ಮೆ ಯೋಚಿಸಿ ನೋಡಬೇಕು. ಕನ್ನಡ ನಾಡು ಎನ್ನುವುದು ಭೂಪಟದಲ್ಲಿ ಇರಲಿಲ್ಲ. ಕೋಟ, ಕುಂದಾಪುರಗಳು ಮದ್ರಾಸ್ ಪ್ರಾಂತಕ್ಕೆ ಸೇರಿದ್ದವು, ಧಾರವಾಡ ಮುಂಬಯಿಗೆ, ಕಲಬುರಗಿ ನಿಜಾಮನಿಗೆ, ಮೈಸೂರು ಮಹಾರಾಜರಿಗೆ. ಒಂದೊಂದು ಕಡೆಯ ಪಠ್ಯಪುಸ್ತಕಕ್ಕೆ ಒಂದೊಂದು ಪರಿಭಾಷೆ. ಪ್ಲೂಟೊ ಕಂಡುಹಿಡಿದು ಆರು ವರ್ಷವಾಗಿತ್ತಷ್ಟೆ. ಪೆನಿಸಿಲಿನ್ ಇನ್ನೂ ಔಷಧಿ ಅಂಗಡಿಗೆ ಬಂದಿರಲಿಲ್ಲ. ಇಂಗ್ಲೆಂಡಿನಲ್ಲಿ ಆರ್ಥರ್ ಮೀ ಎಂಬ ಸಂಪಾದಕ 1908ರಿಂದಲೇ ಮಕ್ಕಳ ವಿಶ್ವಕೋಶವನ್ನು ಕಂತುಕಂತಾಗಿ ತಂದಿದ್ದ. ಅವನ ಹಿಂದೆ ಪ್ರಕಾಶನ ಸಂಸ್ಥೆಯಿತ್ತು, ಬರೆಯುವವರ ದಂಡಿತ್ತು. ಕಾರಂತರ ಹಿಂದೆ ಇದ್ದದ್ದು ಅವರ ಹಟ. 1921ರಲ್ಲಿ ಗಾಂಧೀಜಿಯ ಅಸಹಕಾರದ ಕರೆಗೆ ಓಗೊಟ್ಟು ಮಂಗಳೂರಿನ ಕಾಲೇಜು ಬಿಟ್ಟುಬಂದ, ಪದವಿ ಇಲ್ಲದ ಮನುಷ್ಯ ಕನ್ನಡದ ಮಕ್ಕಳಿಗೆ ಜಗತ್ತನ್ನೇ ಕಟ್ಟಿಕೊಡಲು ಕೂತಿದ್ದ.

ಈ ಕೆಲಸದ ಕಷ್ಟ ಎಲ್ಲಿದೆ ಎಂದು ಒಂದು ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ಕಡಲಿನ ಉಬ್ಬರ ಇಳಿತದ ಬಗ್ಗೆ ಬರೆಯಬೇಕು ಅಂದುಕೊಳ್ಳಿ. ಗಂಗೊಳ್ಳಿಯ ಮೀನುಗಾರರ ಮಗುವಿಗೆ ನೀರು ಏರುವ ಇಳಿಯುವ ಹೊತ್ತು ಬರೆಯುವವನಿಗಿಂತ ಚೆನ್ನಾಗಿ ಗೊತ್ತಿರುತ್ತದೆ, ಹುಣ್ಣಿಮೆ ಅಮಾವಾಸ್ಯೆಗೆ ನೀರಿನ ಸೆಳೆತ ಹೆಚ್ಚು ಎಂಬುದೂ ಗೊತ್ತು. ಬಳ್ಳಾರಿಯ ಮಗು ಕಡಲನ್ನೇ ಕಂಡಿಲ್ಲ. ಇಬ್ಬರೂ ಓದಬೇಕಾದದ್ದು ಒಂದೇ ಪುಟ. ಚಂದ್ರ ನೀರನ್ನು ಎಳೆಯುತ್ತಾನೆ ಎಂದು ಬರೆದರೆ ಒಂದು ಮಗು ಅದನ್ನು ಕತೆ ಅಂದುಕೊಳ್ಳುತ್ತದೆ. ಗುರುತ್ವಾಕರ್ಷಣೆ ಎಂದು ಬರೆದರೆ ಇನ್ನೊಂದು ಮಗು ಪುಸ್ತಕ ಮುಚ್ಚುತ್ತದೆ. ಇವೆರಡರ ನಡುವಿನ ವಾಕ್ಯವನ್ನು ಹುಡುಕಬೇಕು. ಹುಡುಕಿದ ಮೇಲೆ ಅದಕ್ಕೊಂದು ಚಿತ್ರ ಬೇಕು, ಚಿತ್ರಕ್ಕೆ ಅಚ್ಚು ಬೇಕು, ಅಚ್ಚಿಗೆ ದುಡ್ಡು ಬೇಕು. ಮುಂದಿನ ಪುಟದಲ್ಲಿ ಜೇನುಹುಳವೋ ಉಗಿಬಂಡಿಯೋ ಜ್ವಾಲಾಮುಖಿಯೋ ಬಂದರೆ ಮತ್ತೆ ಮೊದಲಿಂದ ಶುರು. ಮೂರು ಸಂಪುಟದ ತುಂಬ ಈ ಕೆಲಸವನ್ನು ಒಬ್ಬರೇ ಮಾಡುವುದೆಂದರೆ ಏನು ಎಂದು ಬರೆಯುವ ಕಸುಬಿನಲ್ಲಿರುವ ನನಗೆ ನೆನೆದರೇ ಮೈ ಜುಮ್ಮೆನ್ನುತ್ತದೆ.

ಅಷ್ಟಕ್ಕೇ ಅವರು ನಿಲ್ಲಿಸಲಿಲ್ಲ. 1941ರಲ್ಲಿ ‘ಸಿರಿಗನ್ನಡ ಅರ್ಥಕೋಶ’ ಬಂತು. 1959ರಿಂದ 1964ರವರೆಗೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’. ಸ್ಪುಟ್ನಿಕ್ ಹಾರಿ ಎರಡು ವರ್ಷಕ್ಕೆ ಶುರುವಾದ ಕೆಲಸ, ನಡುವೆ ಗಗಾರಿನ್ ಬಾಹ್ಯಾಕಾಶಕ್ಕೆ ಹೋಗಿಬಂದಾಗಿತ್ತು. ಓದುಗನ ಕಣ್ಣೆದುರೇ ವಿಜ್ಞಾನ ಓಡುತ್ತಿದ್ದ ಕಾಲದಲ್ಲಿ ಅದರ ಹಿಂದೆ ಓಡಿದ ಬರಹ ಅದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂದದ್ದು 1969ರಲ್ಲಿ. ನಿರಂಜನರು ಸಂಪಾದಿಸಿದ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಅದರ ಆಚೆಯದು. ಅವುಗಳಿಗೆ ಸಂಪಾದಕ ಮಂಡಳಿಗಳಿದ್ದವು, ವಿಷಯತಜ್ಞರಿದ್ದರು, ಅದು ಹಾಗೇ ಇರಬೇಕು ಕೂಡ. ಕಾರಂತರು ಪುತ್ತೂರಿನಲ್ಲಿ ತಮ್ಮದೇ ಹರ್ಷ ಮುದ್ರಣಾಲಯ ಇಟ್ಟುಕೊಂಡು, ತಾವೇ ಬರೆದು ತಾವೇ ಅಚ್ಚು ಮಾಡಿಸಿ ಊರೂರಿಗೆ ಪುಸ್ತಕ ಮುಟ್ಟಿಸಿದವರು.

ಒಂದು ಸಂಗತಿಯನ್ನು ನಾವು ಮರೆಯುತ್ತೇವೆ. ಕಾರಂತರಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಕಾದಂಬರಿಗಲ್ಲ, ‘ಯಕ್ಷಗಾನ ಬಯಲಾಟ’ ಎಂಬ ಅಧ್ಯಯನ ಗ್ರಂಥಕ್ಕೆ. ಆಟ ನೋಡಿ ಬೆಳೆದ ಕೋಟದ ಹುಡುಗ, ಆಟ ಹೇಗೆ ಕಟ್ಟಲ್ಪಟ್ಟಿದೆ ಎಂದು ಬಿಡಿಸಿ ಬರೆದ ಪುಸ್ತಕ ಅದು. 95ನೇ ವಯಸ್ಸಿನಲ್ಲೂ ಅವರು ಬರೆಯುತ್ತಿದ್ದದ್ದು ಹಕ್ಕಿಗಳ ಕುರಿತು. 1997ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು, ಹಕ್ಕಿಯ ಪುಸ್ತಕವನ್ನು ಧಾರವಾಡದ ಮನೋಹರ ಗ್ರಂಥಮಾಲೆ 2002ರಲ್ಲಿ ತಂದಿತು. ತಿಳಿದದ್ದನ್ನು ಬರೆದು ಸುಮ್ಮನಾದವರೂ ಅಲ್ಲ. ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ, 87ನೇ ವಯಸ್ಸಿನಲ್ಲಿ, ಲೋಕಸಭೆ ಚುನಾವಣೆಗೆ ನಿಂತರು. ವಿಜ್ಞಾನವನ್ನು ಜನರಿಗೆ ತಿಳಿಸಿದವರಿಗೇ ಅದರ ಅಪಾಯವನ್ನೂ ಹೇಳುವ ಅಧಿಕಾರವಿತ್ತು ಎಂದು ನಾನು ನಂಬುತ್ತೇನೆ.

ಇದೇ ಸೀಮೆಯ ಇನ್ನೊಂದು ರೀತಿಯ ತಿಳಿವಳಿಕೆಯ ಬರಹ ವೈದೇಹಿಯವರದು. ಕುಂದಾಪುರದ ವಕೀಲ ಎ.ವಿ.ಎನ್. ಹೆಬ್ಬಾರರ ಮಗಳು, ಕನ್ನಡದ ದೊಡ್ಡ ಕತೆಗಾರ್ತಿ. ಅವರ ‘ಗುಲಾಬಿ ಟಾಕೀಸು’ ಕತೆಯಿಂದ ಗಿರೀಶ ಕಾಸರವಳ್ಳಿ 2008ರಲ್ಲಿ ಸಿನಿಮಾ ಮಾಡಿದರು. ಕತೆಗಳ ಪಕ್ಕದಲ್ಲಿ ಅವರು ಮಾಡಿದ ಇನ್ನೊಂದು ಕೆಲಸ, ಹಿರಿಯರು ಹೇಳಿದ್ದನ್ನು ಕೇಳಿ ಬರೆದುಕೊಂಡದ್ದು. ಕೋಟ ಲಕ್ಷ್ಮೀನಾರಾಯಣ ಕಾರಂತರ ಬದುಕನ್ನು ಹಾಗೆ ಬರೆದರು, ಛಂದಸ್ಸಿನ ಮಹಾಪಂಡಿತ ಸೇಡಿಯಾಪು ಕೃಷ್ಣಭಟ್ಟರ ನೆನಪುಗಳನ್ನು ಬರೆದರು. ಮೂರನೆಯದು ಬಿ.ವಿ. ಕಾರಂತರ ಆತ್ಮಕಥನ, ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’.

ಬಂಟ್ವಾಳದ ಮಂಚಿಯಲ್ಲಿ ಹುಟ್ಟಿ, ಮನೆ ಬಿಟ್ಟು ಓಡಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, ಮೈಸೂರಿನ ರಂಗಾಯಣ ಕಟ್ಟಿದ ಮನುಷ್ಯ ಬಿ.ವಿ. ಕಾರಂತ. ಅವರು ನಿರ್ದೇಶಿಸಿದ ‘ಚೋಮನ ದುಡಿ’ 1975ರ ಅತ್ಯುತ್ತಮ ಚಿತ್ರವಾಗಿ ಸ್ವರ್ಣಕಮಲ ಪಡೆಯಿತು. ಕಾದಂಬರಿ ಕೋಟದ ಕಾರಂತರದು, ಸಿನಿಮಾ ಮಂಚಿಯ ಕಾರಂತರದು, ಸಿನಿಮಾ ಮಾಡಿದವರ ಬದುಕನ್ನು ಬರಹಕ್ಕೆ ಇಳಿಸಿದವರು ಕುಂದಾಪುರದ ವೈದೇಹಿ. ಬಿ.ವಿ. ಕಾರಂತರು 2002ರ ಸೆಪ್ಟೆಂಬರಿನಲ್ಲಿ ಹೋದರು, ಪುಸ್ತಕ ಬಂದದ್ದು ಅದರ ಮರುವರ್ಷ. ಆ ಕೂತು ಕೇಳುವ ಕೆಲಸ ಆಗಿರದಿದ್ದರೆ ಆ ಮಾತೆಲ್ಲ ಅವರ ಜತೆಗೇ ಹೋಗುತ್ತಿತ್ತು. ಸಿನಿಮಾ ಮಾಡುವವರ ಬಗ್ಗೆ ಕನ್ನಡದಲ್ಲಿ ಹೊಗಳಿಕೆಯ ಲೇಖನಗಳು ಸಾಕಷ್ಟಿವೆ. ಹೀಗೆ ಒಬ್ಬ ನಿರ್ದೇಶಕನ ಒಳಹೊರಗನ್ನು ಅವನದೇ ದನಿಯಲ್ಲಿ ಹಿಡಿದ ಪುಸ್ತಕಗಳು ಕಡಿಮೆ. ಇವತ್ತು ಕುಂದಾಪ್ರ ಕನ್ನಡದ ಮಾತು ತೆರೆಯ ಮೇಲೆ ದೇಶವೆಲ್ಲ ಕೇಳಿಸುತ್ತಿದೆ. ಬಸ್ರೂರಿನ ರವಿ ಅವರ ಸಂಗೀತವೂ ಹಾಗೇ. ಇವರ ಜತೆ ಕೂತು ಬರೆದುಕೊಳ್ಳುವ ಮುಂದಿನ ವೈದೇಹಿ ಯಾರು?

ಬೈಂದೂರಿನ ಕಡೆಯಿಂದ ಒಂದು ಹೆಸರು ಹೇಳಲೇಬೇಕು. ಮೊಗೇರಿಯ ಗೋಪಾಲಕೃಷ್ಣ ಅಡಿಗರು ಕವಿಯಾಗಿ ಎಲ್ಲರಿಗೂ ಗೊತ್ತು. ರಾಮಮನೋಹರ ಲೋಹಿಯಾ ಅವರ ಇತಿಹಾಸ ಚಿಂತನೆಯನ್ನು ‘ಇತಿಹಾಸ ಚಕ್ರ’ವೆಂದು ಕನ್ನಡಕ್ಕೆ ತಂದವರೂ ಅವರೇ.

ಇನ್ನು ಬರೆಯಬೇಕಾದ ವಿಷಯಗಳಿಗೆ ಬಂದರೆ ಈ ಸೀಮೆಯಲ್ಲಿ ಬರವಿಲ್ಲ. ಕಾನೂನನ್ನೇ ತೆಗೆದುಕೊಳ್ಳಿ. ಬ್ರಹ್ಮಾವರ ತಾಲ್ಲೂಕಿನ ಬಾರ್ಕೂರಿಗೆ ಅಂಟಿಕೊಂಡ ಐತಿಹ್ಯದಲ್ಲಿ ಭೂತಾಳ ಪಾಂಡ್ಯನಿದ್ದಾನೆ, ಆಸ್ತಿ ಮಗನಿಗಲ್ಲ ಸೋದರಳಿಯನಿಗೆ ಎಂದು ಅವನು ಕಟ್ಟು ಮಾಡಿದನಂತೆ. ಅವನ ಹೆಸರಿನ ಕಟ್ಟುಕಟ್ಟಳೆಯ ಪ್ರಸ್ತಾಪ ಬ್ರಿಟಿಷರ ಕಾಲದ ಕೋರ್ಟುಗಳಲ್ಲೂ ಬಂದಿದೆ. ಅಳಿಯನಿಗೆ ಆಸ್ತಿ ಹೋಗುವ ಈ ಪದ್ಧತಿಗೆಂದೇ 1949ರಲ್ಲಿ ಮದ್ರಾಸ್ ಸರ್ಕಾರ ಅಳಿಯಸಂತಾನ ಕಾಯ್ದೆ ಮಾಡಿತು, 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಆಮೇಲೆ 1974ರ ಭೂಸುಧಾರಣೆ ತಿದ್ದುಪಡಿ. ‘ಡಿಕ್ಲರೇಶನ್ ಕೊಟ್ಟದ್ದು’, ಅಂದರೆ ಗೇಣಿ ಭೂಮಿಗೆ ಹಕ್ಕು ಕೇಳಿ ಅರ್ಜಿ ಹಾಕಿದ್ದು, ಎಂದರೆ ಈ ಕಡೆಯ ಯಾವ ಮನೆಯ ಹಿರಿಯರಿಗೂ ವಿವರಿಸಿ ಹೇಳಬೇಕಿಲ್ಲ. ಗೇಣಿ ಮಾಡುತ್ತಿದ್ದವರು ಭೂಮಿಯ ಒಡೆಯರಾದ, ಒಡೆಯರಾಗಿದ್ದವರು ಭೂಮಿ ಕಳೆದುಕೊಂಡ ಕಾಲ ಅದು. ಒಂದೇ ಕುಟುಂಬದ ಮೂರು ತಲೆಮಾರು ಮೂರು ಬಗೆಯ ಆಸ್ತಿ ಕಾನೂನಿನಡಿ ಬದುಕಿದ ಊರುಗಳು ಇವು. ಕಕ್ಷಿದಾರನಿಗೂ ಅರ್ಥವಾಗುವ ಕನ್ನಡದಲ್ಲಿ ಇದನ್ನು ಬರೆದರೆ ಕುಂದಾಪುರದ ಕೋರ್ಟಿನ ಜಗಲಿಯಲ್ಲೇ ಆ ಪುಸ್ತಕ ಮುಗಿದುಹೋದೀತು.

ಜೂಜಿನ ಸಂಗತಿಯೂ ಹಾಗೇ. ಇಲ್ಲಿ ಕೋಳಿ ಅಂಕ ಎಂದರೆ ಬರೀ ಹಣ ಕಟ್ಟುವ ಆಟವಲ್ಲ. ಹುಂಜದ ಬಣ್ಣ ನೋಡಿ ದಿನ ನೋಡಿ ಗೆಲ್ಲುವ ಕೋಳಿ ಯಾವುದೆಂದು ಹೇಳುವವರಿದ್ದಾರೆ, ಕಾಲಿಗೆ ಬಾಳು ಎಂಬ ಕತ್ತಿ ಕಟ್ಟುವುದೇ ಒಂದು ಕುಶಲತೆ. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ, ಪಣ ಕಟ್ಟಿದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯೂ ಸೇರುತ್ತದೆ. ಕಂಬಳಕ್ಕೆ ಮಾತ್ರ ರಾಜ್ಯದ ತಿದ್ದುಪಡಿ ಕಾಯ್ದೆ ದಾರಿ ಮಾಡಿಕೊಟ್ಟಿತು, ಅದನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿಯಿತು. ಅಮೆರಿಕದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಜ್ ಬಾಲಿ ದ್ವೀಪದ ಕೋಳಿ ಅಂಕದ ಬಗ್ಗೆ 1972ರಲ್ಲಿ ಬರೆದ ಪ್ರಬಂಧವನ್ನು ಜಗತ್ತಿನ ವಿಶ್ವವಿದ್ಯಾಲಯಗಳು ಇವತ್ತಿಗೂ ಪಾಠ ಮಾಡುತ್ತವೆ. ಪೊಲೀಸರು ದಾಳಿ ಮಾಡಿದಾಗ ಅವರೂ ಅವರ ಹೆಂಡತಿಯೂ ಊರವರ ಜತೆ ಓಡಿದರು, ಆ ಓಟದಿಂದಲೇ ಊರು ಅವರನ್ನು ತನ್ನವರೆಂದು ಒಪ್ಪಿತು. ನಮ್ಮ ಗದ್ದೆಬಯಲಿನ ಅಂಕಕ್ಕೂ ಅಂಥ ಬರಹದ ಯೋಗ್ಯತೆ ಇದೆ. ಅಂಕಕ್ಕೆ ಹೋದವನಿಗೆ ನಾಲ್ಕು ಜನರ ಕಣ್ಣಿನ ಭಯವಾದರೂ ಇತ್ತು. ಆಮೇಲೆ ಮೊಬೈಲಿನ ರಮ್ಮಿಯಲ್ಲಿ ಮನೆಯವರಿಗೂ ತಿಳಿಯದಂತೆ ಸಾಲವಾಗತೊಡಗಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಕಾಯ್ದೆ ಮಾಡಿ ನಿಷೇಧಿಸಿತು. ಗದ್ದೆಯಿಂದ ಮೊಬೈಲಿಗೆ ಬಂದ ಈ ದಾರಿಯನ್ನು ಯಾರಾದರೂ ತಾಳ್ಮೆಯಿಂದ ಬರೆಯಬೇಕು.

ಬರೆಯಬೇಕಾದ ಇನ್ನೊಂದು ವಿಷಯ ಕಂಪ್ಯೂಟರ್. ಅದರ ಮಾತು ಬಂದಾಗ ಕಿನ್ನಿಕಂಬಳ ಪದ್ಮನಾಭ ರಾಯರನ್ನು, ಎಲ್ಲರ ಕೆ.ಪಿ. ರಾಯರನ್ನು, ನೆನೆಯಬೇಕು. ಕನ್ನಡವನ್ನು ಕಂಪ್ಯೂಟರಿಗೆ ತಂದವರಲ್ಲಿ ಮೊದಲ ಸಾಲಿನವರು. ತಮ್ಮ ತಂತ್ರಾಂಶಕ್ಕೆ ಅವರಿಟ್ಟ ಹೆಸರು ‘ಸೇಡಿಯಾಪು’. ವೈದೇಹಿ ಯಾರ ನೆನಪುಗಳನ್ನು ಬರೆದುಕೊಂಡರೋ ಅದೇ ಪಂಡಿತರ ಹೆಸರು. ಸರ್ಕಾರ ಒಪ್ಪಿದ ಕನ್ನಡ ಕೀಲಿಮಣೆಗೂ ರಾಯರ ವಿನ್ಯಾಸವೇ ಮೂಲ. ಅದರಲ್ಲಿ ‘ಕುಂದಾಪ್ರ’ ಎಂದು ಬರೆಯಲು ಒತ್ತಬೇಕಾದ ಕೀಲಿಗಳು ಕೆ, ಯು, ಶಿಫ್ಟ್ ಹಿಡಿದು ಎಂ, ಡಿ, ಶಿಫ್ಟ್ ಹಿಡಿದು ಎ, ಪಿ, ಎಫ್, ಆರ್. ಎಫ್ ಎಂಬುದು ಒತ್ತಕ್ಷರ ಕೂಡಿಸುವ ಕೊಂಡಿ. ಪ ಬರೆದು ಎಫ್ ಒತ್ತಿ ರ ಒತ್ತಿದರೆ ‘ಪ್ರ’ ತಾನೇ ಮೂಡುತ್ತದೆ. ವ್ಯಂಜನಕ್ಕೆ ಸ್ವರ ಸೇರುವ, ವ್ಯಂಜನಕ್ಕೆ ವ್ಯಂಜನ ಸೇರುವ ಕನ್ನಡದ ವ್ಯಾಕರಣವೇ ಅಲ್ಲಿ ಪ್ರೋಗ್ರಾಂ ಆಗಿ ಕೂತಿದೆ. ಪ್ರೋಗ್ರಾಮಿಂಗ್ ಎಂದರೇನು ಎಂದು ಹೈಸ್ಕೂಲಿನ ಮಗುವಿಗೆ ಹೇಳಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತೋಚುವುದಿಲ್ಲ. ಇದನ್ನಿಟ್ಟುಕೊಂಡು ಒಂದು ಪುಸ್ತಕವನ್ನೇ ಶುರುಮಾಡಬಹುದು.

ಕೋಟತಟ್ಟು ಗ್ರಾಮ ಪಂಚಾಯತಿ ಕಾರಂತರ ಹೆಸರಿನಲ್ಲಿ ಥೀಮ್ ಪಾರ್ಕ್ ಕಟ್ಟಿದೆ, ಅವರ ಹುಟ್ಟೂರಿನ ಹೆಸರಲ್ಲೇ ಪ್ರಶಸ್ತಿ ಕೊಡುತ್ತದೆ. ಒಂದು ಪಂಚಾಯತಿ ಸಾಹಿತಿಯೊಬ್ಬರನ್ನು ಇಷ್ಟು ಪ್ರೀತಿಯಿಂದ ಇಟ್ಟುಕೊಂಡದ್ದು ಅಪರೂಪ. ಆದರೆ ‘ಬಾಲಪ್ರಪಂಚ’ದ ಕೆಲಸ ಪಾರ್ಕು, ಪ್ರಶಸ್ತಿಗಳಿಂದ ಮುಂದುವರಿಯುವುದಿಲ್ಲ. ತಿಳಿವಳಿಕೆಯ ಪುಸ್ತಕಕ್ಕೆ ವಯಸ್ಸಾಗುತ್ತದೆ. 1936ರಲ್ಲಿ ಗ್ರಹವಾಗಿದ್ದ ಪ್ಲೂಟೊ 2006ರಲ್ಲಿ ಆ ಪಟ್ಟಿಯಿಂದ ಹೊರಬಿತ್ತು. ಪ್ರತಿ ತಲೆಮಾರಿಗೂ ಯಾರೋ ಕೂತು ಮತ್ತೆ ಬರೆಯಬೇಕು, ಬರೆದದ್ದನ್ನು ಯಾರೋ ಕೊಳ್ಳಬೇಕು.

ಕೊಳ್ಳುವ ದುಡ್ಡು ನಮ್ಮದೇ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಮನೆ ತೆರಿಗೆಯ ಜತೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ಹೋಗುತ್ತದೆ. ಪಂಚಾಯತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂಬ ಹೆಸರೂ ಇದೆ. ಮುಂದಿನ ಗ್ರಾಮಸಭೆಗೆ ಹೋದಾಗ ರಸ್ತೆ, ನೀರಿನ ಜತೆ ಇದನ್ನೂ ಕೇಳಿ. ನಮ್ಮ ಅರಿವು ಕೇಂದ್ರಕ್ಕೆ ಈ ವರ್ಷ ಕಾನೂನು, ವಿಜ್ಞಾನ, ಸಿನಿಮಾ, ಕಂಪ್ಯೂಟರಿನ ಎಷ್ಟು ಕನ್ನಡ ಪುಸ್ತಕ ಬಂದಿವೆ, ಪಟ್ಟಿ ತೋರಿಸಿ ಎಂದು.